ಯಾರ ಮನೆಯ ಬಳ್ಳಿ

ಓಮಾ ಡೆಲ್‌ಳದು ಧಾರಾಳದ ಕೈ. ಕೆಂಟಕಿಯ ಬೆಟ್ಟದೂರಿನ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ಕಾಲಕ್ಕೂ ಅಷ್ಟೆ, ಮೆಕ್ಕೆಜೋಳದ ಬ್ರೆಡ್ಡು ಮಕ್ಕಳ ತಟ್ಟೆಗೆ ಎರಡೆರಡು ಬೀಳುತ್ತಿತ್ತು. ತಾಯಿ ಜೆಲ್ಲಾ ಬಿಟ್ಟುಹೋದ ಹೂಬಳ್ಳಿಯ ಕುಡಿಗಳನ್ನೂ ಕೇಳಿದವರಿಗೆಲ್ಲ ಮುರಿದು ಕೊಟ್ಟಳು. ಯಾರಿಗೆ ಕೊಟ್ಟೆನೆಂದು ನೆನಪಿಟ್ಟುಕೊಳ್ಳುವ ಜಾಯಮಾನ ಅವಳದಲ್ಲ.

ಹೋದ ಚಳಿಗಾಲ ಒಲೆಯ ಕಿಡಿ ಹಾರಿ ಮನೆ ಸುಟ್ಟಿತು. ಮನೆಯೇನೋ ಮತ್ತೆ ಎದ್ದಿತು. ಬಳ್ಳಿ ಎಲ್ಲಿಂದ ಬರಬೇಕು? ತಾಯಿಯದೆಂದು ಅವಳಿಗೆ ಉಳಿದಿದ್ದದ್ದು ಅದೊಂದೇ. "ಜೆಲ್ಲಾ ಗಿಡ ಇದೆಯೇನ್ರೇ?" ಎಂದು ಮನೆಮನೆ ಅಲೆದಳು. ಹೆಸರೇ ಕೇಳಿಲ್ಲವೆಂದರು ಎಲ್ಲರೂ. ಆಮೇಲೆ ಆ ಮಾತೆತ್ತುವುದನ್ನೇ ಬಿಟ್ಟಳು.

ಈ ಜೂನ್‌ನಲ್ಲಿ ಕೂದಲು ಕತ್ತರಿಸಿಕೊಳ್ಳಲು ಟ್ವೈಲಾಳ ಅಂಗಡಿಗೆ ಹೋದಾಗ, ಕಿಟಕಿಯಲ್ಲಿ ದಪ್ಪ ಎಲೆಯ ಬಳ್ಳಿ, ಮೇಣದಲ್ಲಿ ಮಾಡಿದಂಥ ನಸುಗೆಂಪು ಹೂಗೊಂಚಲು. ಕುರ್ಚಿಯಲ್ಲಿ ಕೂತಿದ್ದ ಓಮಾ ಡೆಲ್ ಪೂರ್ತಿ ಆ ಕಡೆಗೇ ತಿರುಗಿದಳು.

"ಅದ್ಯಾವುದೇ ಗಿಡ?"

"ಅದಾ? ಆರ್ಡಿತ್. ಹಿಂದಿನ ಕೋಣೇಲಿ ಬಿದ್ದಿತ್ತು. ಹೂ ಬಿಡ್ತಲ್ಲ, ಅದಕ್ಕೇ ಮುಂದೆ ತಂದಿಟ್ಟೆ."

ಪಕ್ಕದ ಕುರ್ಚಿಯ ಹುಡುಗಿ ಫೋನು ಹಿಡಿದು ಫೋಟೋ ತೆಗೆದಳು. "ಅಜ್ಜಿ, ಇದರ ಹೆಸರು ಹೋಯಾ ಅಂತೆ."

"ಹೆಸರು ಕಟ್ಕೊಂಡು ಏನ್ಮಾಡ್ಲೇ! ಯಾರ ಮನೇದು ಅಂತ ಹೇಳುತ್ತಾ ನಿನ್ನ ಫೋನು?"

ಅದನ್ನು ಫೋನು ಹೇಳಲಾರದು. ಇಂಥದೇ ಬಳ್ಳಿ ಪೇಟೆಯ ಅಂಗಡಿಯಲ್ಲೂ ರಾಶಿ ಬಿದ್ದಿರುತ್ತದೆ. ಅವಳಿಗೆ ಬೇಕಾದದ್ದು ಅಮ್ಮನದು.

ಅಷ್ಟರಲ್ಲಿ ತಲೆಗೆ ಬಣ್ಣ ಮೆತ್ತಿಸಿಕೊಂಡು ಮೂಲೆಯಲ್ಲಿ ಕೂತಿದ್ದ ಆರ್ಡಿತ್ ಎಂಬುವಳೇ ಬಾಯಿ ಹಾಕಿದಳು. "ಆರ್ಡಿತ್ ಅಂತೆ! ಅದು ಲವಾನ್ ಕಣೇ. ನಮ್ಮ ಪಾದ್ರಿ ಹೆಂಡತಿ ಲವಾನ್ ಕೊಟ್ಟಿದ್ದು."

ಓಮಾ ಡೆಲ್‌ಗೆ ಆಗ ಹೊಳೆಯಿತು. ತನ್ನ ಮನೆಯಲ್ಲೂ ಗಿಡಕ್ಕೆ ಕೊಟ್ಟವರ ಹೆಸರೇ ಅಲ್ಲವೇ? ಊರೆಲ್ಲ ಬೇರೆ ಬೇರೆ ಹೆಸರಿಟ್ಟು ಸಾಕಿಕೊಂಡಿರುವಾಗ, ಜೆಲ್ಲಾ ಎಂದರೆ ಯಾರಿಗೆ ಗೊತ್ತಾಗಬೇಕು!

ಮುದುಕಿ ಲವಾನ್ ಈಗ ಒಹಾಯೊದಲ್ಲಿ, ಮಗಳ ಮನೆಯಲ್ಲಿ. ಟ್ವೈಲಾ ಕತ್ತರಿ ಕೆಳಗಿಟ್ಟು ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಹಿಡಿದಳು. "ಲವಾನ್ ಅಕ್ಕ, ನೀವು ಆರ್ಡಿತ್‌ಗೆ ಕೊಟ್ಟ ಬಳ್ಳಿ ಇತ್ತಲ್ಲ, ಅದ್ಯಾವುದು?"

"ಮೇಣದಂಥ ಹೂವಿಂದಾ? ಅದು ಓಮಾ ಡೆಲ್ ಅಲ್ವೇನೇ!"

ಓಮಾ ಡೆಲ್ ಅರ್ಧ ಕೂದಲು ಕತ್ತರಿಸಿದ್ದ ಹಾಗೇ ಎದ್ದು ಕಿಟಕಿಗೆ ಹೋದಳು, ಎಲೆ ಮುಟ್ಟಿದಳು. ಮನೆ ಸುಟ್ಟಂದಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. ಟ್ವೈಲಾ ಉದ್ದನೆಯ ಕುಡಿಯೊಂದನ್ನು ಕತ್ತರಿಸಿ ಒದ್ದೆ ಟವೆಲಿನಲ್ಲಿ ಸುತ್ತಿ ಕೈಗಿಟ್ಟಳು. ಓಮಾ ಡೆಲ್ ಬಾಯಿ ತೆರೆಯುವಷ್ಟರಲ್ಲಿ ಆರ್ಡಿತ್ ಓಡಿಬಂದು ಅವಳ ಬಾಯಿ ಮುಚ್ಚಿದಳು.

"ಥ್ಯಾಂಕ್ಸ್ ಗೀಂಕ್ಸ್ ಅಂದೀಯೇ ಮಾರಾಯ್ತಿ! ಕೊಟ್ಟ ಗಿಡಕ್ಕೆ ಹಾಗಂದ್ರೆ ಅದು ಬೇರು ಬಿಡಲ್ಲ."

ಅಳಬಾರದೆಂದು ಮಾತ್ರ ಯಾರೂ ಹೇಳಿರಲಿಲ್ಲ. ಓಮಾ ಡೆಲ್ ಮನದಣಿಯೆ ಅತ್ತಳು.