ಏನೂ ಆಗಿಲ್ಲ ರೀ

ನಮ್ಮನೆಯವರಿಗೆ ಬಸ್ ಡಿಪೋದಲ್ಲಿ ‘ಆಮೆ’ ಅಂತ ಅಡ್ಡಹೆಸರು. ಹನ್ನೊಂದು ವರ್ಷ ಸಿಟಿ ಬಸ್ ಓಡಿಸಿದರೂ ಒಂದು ಸೈಕಲ್ಲಿಗೂ ತಾಗಿಸಿದವರಲ್ಲ. "ನಿಮ್ಮ ಬಸ್ ಹತ್ತೋದಕ್ಕಿಂತ ನಡ್ಕೊಂಡು ಹೋದ್ರೆ ಬೇಗ ಸೇರ್ತೀನಿ" ಅಂತ ನಾನೂ ಆಡ್ಕೊಳ್ತಿದ್ದೆ. ಅವರು ಹೊಟ್ಟೆ ಕುಣಿಸಿಕೊಂಡು ನಗೋರು. ಇಂಥ ಗಂಡ ಸಿಗೋಕೆ ನಾನು ಪುಣ್ಯ ಮಾಡಿದ್ದೆ, ಸುಳ್ಳು ಹೇಳಲ್ಲ.

ಒಂದು ದಿನ ಲಾರಿಯಿಂದ ಬಿದ್ದಿದ್ದ ಮೂಟೆಯ ಮೇಲೆ ಇವರ ಬಸ್ಸಿನ ಹಿಂದಿನ ಚಕ್ರ ಹತ್ತಿತು. ಕಂಡಕ್ಟರ್ ಇಳಿದು ನೋಡಿ, "ಹೊಟ್ಟಿನ ಮೂಟೆ ಕಣಣ್ಣ, ಹೊರಡು" ಅಂದ. ನಡೆದದ್ದು ಅಷ್ಟೇ. ಆದರೆ ಆ ‘ಧಡ್’ ಅನ್ನೋ ಸದ್ದು ಇವರ ತಲೆಯೊಳಗೆ ಕೂತುಬಿಡ್ತು. ಆಮೇಲೆ ಹಳ್ಳ ಬಂದರೂ, ಹಂಪ್ ಬಂದರೂ ಒಂದೇ ಯೋಚನೆ: ಚಕ್ರದ ಕೆಳಗೆ ಯಾರಾದರೂ ಸಿಕ್ಕಿಬಿಟ್ಟರಾ?

ಇದೆಲ್ಲ ನಂಗೆ ಆಗ ಗೊತ್ತಿಲ್ಲ. ನಾಲ್ಕಕ್ಕೆ ಡ್ಯೂಟಿ ಮುಗಿಸೋ ಮನುಷ್ಯ ಮನೆಗೆ ಬರೋದು ಏಳಕ್ಕೆ. ಕೇಳಿದರೆ ಗುಮ್ಮನ ಗುಸಕ. ಕಟ್ಕೊಂಡವಳಿಗೆ ಏನನ್ನಿಸಬೇಕು? ಯಾವಳೋ ಗಂಟು ಬಿದ್ದಿದ್ದಾಳೆ ಅಂತ ತೀರ್ಮಾನ ಮಾಡಿ, ಹೊಲೀತಿದ್ದ ಸ್ಕೂಲ್ ಯೂನಿಫಾರಂಗಳನ್ನ ಮೂಲೆಗೆ ಎಸೆದು, ಒಂದು ಸಂಜೆ ಡಿಪೋ ಗೇಟಿನಿಂದಲೇ ಹಿಂಬಾಲಿಸಿದೆ. ನೋಡಿದರೇನು! ನಮ್ಮ ಪುಣ್ಯಾತ್ಮರು ತಮ್ಮ ಬಸ್ಸಿನ ರೂಟನ್ನೇ ನಡ್ಕೊಂಡು ಹೋಗ್ತಿದ್ದಾರೆ. ಪ್ರತಿ ಹಳ್ಳದ ಹತ್ತಿರ ನಿಂತು, ಬಗ್ಗಿ, ಚರಂಡಿಗೆ ಇಣುಕಿ, ರಕ್ತದ ಕಲೆ ಇದೆಯಾ ಅಂತ ಹುಡುಕ್ತಿದ್ದಾರೆ. ಜಗಳಕ್ಕೆ ಟೊಂಕ ಕಟ್ಟಿ ಹೋದವಳಿಗೆ ಕರುಳು ಕಿತ್ತು ಬಂದಂಗಾಯ್ತು.

"ನಂಗೆ ತಲೆ ಕೆಟ್ಟಿದೆಯೇನೇ?" ಅಂದರು, ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು, ಎಲ್ಲ ಹೇಳಿಕೊಂಡ ಮೇಲೆ.

"ಏನೂ ಆಗಿಲ್ಲ ರೀ. ಯಾರಿಗೂ ಏನೂ ಆಗಿಲ್ಲ" ಅಂದೆ. ಅವರ ಮುಖ ಅರಳಿತು. ಅಬ್ಬಾ, ಔಷಧಿ ಸಿಕ್ತು ಅಂದ್ಕೊಂಡೆ.

ಅಲ್ಲೇ ನಾನು ಎಡವಿದ್ದು. ಆ ಸಮಾಧಾನ ಹತ್ತೇ ನಿಮಿಷಕ್ಕೆ ಖಾಲಿ. ಮತ್ತೆ ಕೇಳೋರು, ಮತ್ತೆ ಹೇಳ್ತಿದ್ದೆ. ಹಲ್ಲುಜ್ಜುವಾಗ ಎರಡು ಸಲ, ಊಟಕ್ಕೆ ಕೂತಾಗ ನಾಲ್ಕು ಸಲ. ಪೇಪರಿನ ಅಪಘಾತದ ಸುದ್ದಿಯೆಲ್ಲ ಓದಿ, ನಿಮ್ಮ ರೂಟಿಂದು ಒಂದೂ ಇಲ್ಲ ಅಂತ ಹೇಳ್ತಿದ್ದೆ. ಜೊತೆಗೆ ನಾನೂ ರೂಟ್ ನಡೆದೆ. ಎರಡು ತಿಂಗಳಲ್ಲಿ ಹಳ್ಳ ಬಂದಾಗೆಲ್ಲ ಬಸ್ ನಿಲ್ಲಿಸಿ ಇಳಿದು ನೋಡೋ ಹಂಗಾಯ್ತು. ಡಿಪೋ ಮ್ಯಾನೇಜರ್ ಒಳ್ಳೆಯವರೇ, ಆದರೆ ಖಡಾಖಂಡಿತ: "ಆರು ತಿಂಗಳು ರಜೆ ತಗೋ. ಡಾಕ್ಟರ್ ಬರೆದುಕೊಟ್ಟರೆ ನಿನ್ನ ಬಸ್ ನಿಂಗೆ. ಇಲ್ಲಾಂದ್ರೆ ಬಸ್ ತೊಳೆಯೋ ಕೆಲಸ." ತೊಳೆಯೋದೇನು ಕೀಳಲ್ಲ. ಆದರೆ ಈ ಮನುಷ್ಯನಿಗೆ ಆ ಸೀಟೇ ಪ್ರಾಣ.

ಆಸ್ಪತ್ರೆಯ ಮನೋವೈದ್ಯೆ ನನ್ನ ತಂಗಿ ವಯಸ್ಸಿನವಳು. "ಇದಕ್ಕೆ ಗೀಳು ಕಾಯಿಲೆ ಅಂತಾರೆ. ಮಾತ್ರೆ ಇದೆ, ಭಯ ಎದುರಿಸೋ ಅಭ್ಯಾಸ ಇದೆ, ಹತೋಟಿಗೆ ಬರುತ್ತೆ" ಅಂತ ಇವರಿಗೆ ಹೇಳಿ ನನ್ನ ಕಡೆ ತಿರುಗಿದಳು. "ಏನೂ ಆಗಿಲ್ಲ ಅಂತ ದಿನಕ್ಕೆ ಎಷ್ಟು ಸಲ ಹೇಳ್ತೀರಾ?"

"ನಲವತ್ತಕ್ಕೆ ಕಡಿಮೆ ಇಲ್ಲ" ಅಂದೆ ಹೆಮ್ಮೆಯಿಂದ.

"ಅದನ್ನ ಕಡಿಮೆ ಮಾಡ್ತಾ ಮಾಡ್ತಾ ಪೂರ್ತಿ ನಿಲ್ಲಿಸಬೇಕು."

ನಂಗೆ ಪಿತ್ತ ನೆತ್ತಿಗೇರಿತು. "ಏನಮ್ಮಾ, ಕಟ್ಕೊಂಡ ಗಂಡನಿಗೆ ಒಂದು ಸಮಾಧಾನದ ಮಾತೂ ಹೇಳಬಾರದಾ? ಎಲ್ಲಿ ಓದಿದ್ದು ನೀನು?"

ಅವಳು ಬೇಜಾರು ಮಾಡ್ಕೊಳ್ಳಲಿಲ್ಲ. "ತುರಿಕೆ ಇದ್ದ ಕಡೆ ಕೆರೆದರೆ ಹಾಯ್ ಅನ್ಸುತ್ತೆ, ಆಮೇಲೆ ಹುಣ್ಣಾಗುತ್ತೆ. ನೀವಿಬ್ರೂ ಸೇರಿ ಕೆರೀತಿದ್ದೀರಾ. ಭಯ ಬಂದರೆ ಬರಲಿ, ತಾನಾಗೇ ಇಳಿಯುತ್ತೆ ಅಂತ ಅವರಿಗೆ ಗೊತ್ತಾಗಬೇಕು. ನೀವು ಪಕ್ಕದಲ್ಲಿರಿ, ಆದರೆ ಉತ್ತರ ಕೊಡಬೇಡಿ." ಇವರೂ ತಲೆಯಾಡಿಸಿ ಒಪ್ಪಿದರು.

ಹೇಳೋದೇನು, ಹೇಳಿಬಿಟ್ಟಳು. ನಾನು ಹುಟ್ಟಿದಾಗಿನಿಂದ ಬಾಯಿ ಮುಚ್ಚಿದವಳಲ್ಲ. ಮೊದಲ ವಾರ ಇವರು ಕೇಳಿದಾಗೆಲ್ಲ ತಡೆಯೋಕಾಗದೆ ಬಚ್ಚಲಿಗೆ ಓಡಿ, ನಲ್ಲಿ ಬಿಟ್ಕೊಂಡು, ಆ ನಲ್ಲಿಗೇ "ಏನೂ ಆಗಿಲ್ಲ, ಏನೂ ಆಗಿಲ್ಲ" ಅಂತ ಹೇಳಿ ಬರ್ತಿದ್ದೆ. ಒಂದು ದಿನ "ನಿಂಗೆ ನಾನು ಬೇಡವಾದೆ ಬಿಡು" ಅಂದುಬಿಟ್ಟರು. ಆ ಮಾತು ಕೇಳಿಯೂ ಹಲ್ಲು ಕಚ್ಚಿ ಕೂತೆ. ಆ ಸಂಕಟ ನನ್ನ ಶತ್ರುವಿಗೂ ಬೇಡ. ಮಾತ್ರೆ ತಪ್ಪಿಸಲಿಲ್ಲ, ವಾರಕ್ಕೊಮ್ಮೆ ಡಾಕ್ಟರನ್ನ ನೋಡೋದು ತಪ್ಪಿಸಲಿಲ್ಲ. ನಲವತ್ತು ಸಲ ಕೇಳ್ತಿದ್ದವರು ಇಪ್ಪತ್ತಕ್ಕಿಳಿದರು, ಮತ್ತೆ ಮೂವತ್ತಕ್ಕೇರಿ ನನ್ನ ಅರ್ಧ ಜೀವ ತೆಗೆದರು, ಕೊನೆಗೆ ಎರಡು ಮೂರಕ್ಕೆ ಬಂದರು.

ಐದನೇ ತಿಂಗಳಿಗೆ ಡಾಕ್ಟರ್ ಕಾಗದ ಬರೆದುಕೊಟ್ಟಳು. ಡಿಪೋ ಅಂಗಳದಲ್ಲಿ ಖಾಲಿ ಬಸ್ ಓಡಿಸಿ ತೋರಿಸಿದ ಮೇಲೆ ರೂಟ್ ವಾಪಸ್ ಸಿಕ್ತು. ಮೊದಲ ದಿನ ಎಲ್ಲೂ ಹೋಗದೆ ನಾಲ್ಕೂವರೆಗೇ ಮನೆಗೆ ಬಂದರು. ಆದರೆ ಮುಖದಲ್ಲಿ ರಕ್ತವಿಲ್ಲ. ಒಳಗೂ ಬರದೆ ಮೆಟ್ಟಿಲ ಮೇಲೆ ಕುಸಿದು ಕೂತರು.

"ಸೇತುವೆ ಹತ್ರ ಏನೋ ಧಡ್ ಅಂತು ಕಣೇ. ಯಾರಿಗೂ ಏನೂ ಆಗಿರಲ್ಲ, ಅಲ್ವಾ?"

ನಾಳೆ ಆ ಸೀಟಿಗೆ ಹೋಗ್ತಾರೋ ಇಲ್ವೋ ಅನ್ನೋದು ಈ ಗಳಿಗೆ ಮೇಲೆ ನಿಂತಿದೆ ಅಂತ ನಂಗೆ ಗೊತ್ತಿತ್ತು. ಹೇಳು, ಹೇಳು ಅಂತ ನನ್ನ ಮೈಯೆಲ್ಲಾ ಬಡ್ಕೊಳ್ತಿತ್ತು.

"ನಂಗೆ ಗೊತ್ತಿಲ್ಲ ರೀ" ಅಂದೆ.

ಪಕ್ಕದಲ್ಲಿ ಕೂತು ಕೈ ಹಿಡ್ಕೊಂಡೆ. ಎರಡು ಸಲ ಎದ್ದು ಗೇಟಿನವರೆಗೆ ಹೋದರು, ಎರಡು ಸಲವೂ ತಾವೇ ವಾಪಸ್ ಬಂದು ಕೂತರು. ಅರ್ಧ ಗಂಟೆ ಆಗಿರಬೇಕು, ಉಸಿರು ಹದಕ್ಕೆ ಬಂತು.

"ಏನಾಯ್ತು ಅಂತ ಗೊತ್ತಾಗದೇ ಇದ್ರೂ ಬದುಕಬಹುದು, ಅಲ್ವೇನೇ?" ಅಂದರು.

ಹೌದು ರೀ ಅನ್ನೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ನನ್ನ ಬಾಯಿಗೆ ಕೈ ಅಡ್ಡ ಇಟ್ಟು, "ನೀನು ಹೇಳ್ಬೇಡ" ಅಂದರು.