ಕೊಡದೆ ಉಳಿದ ಬುಟ್ಟಿ

ಮೊನ್ನೆ ಬೆಳಿಗ್ಗೆ ಯೂನಿಯನ್ ಸಿಟಿಯ ರೈಲು ನಿಲ್ದಾಣದ ಕಡೆ ವಾಕಿಂಗ್ ಹೋಗಿದ್ದೆ. ಪಾರ್ಕಿಂಗ್ ಲಾಟಿನ ಅಂಚಿನಲ್ಲಿದ್ದ ಉದ್ದೆಲೆಯ ಗಿಡಗಳನ್ನು ತೋಟದ ಕೆಲಸದವನೊಬ್ಬ ಮೆಷಿನ್ನು ಹಿಡಿದು ಬುಡಮಟ್ಟ ಸವರುತ್ತಿದ್ದ. ಹಸಿ ನಾರಿನ ವಾಸನೆ ಮೂಗಿಗೆ ಬಡಿಯಿತು. ನನಗೇ ತಿಳಿಯದ ಹಾಗೆ "ನಡುವಿನ ಮೂರೆಲೆ ಬಿಡಪ್ಪಾ" ಎಂದುಬಿಟ್ಟೆ, ಅದೂ ಅಪ್ಪಟ ಮಂಡ್ಯದ ಕನ್ನಡದಲ್ಲಿ. ಅವನು ಕಿವಿಗೆ ಹಾಕಿದ್ದನ್ನು ತೆಗೆದು ನನ್ನನ್ನು ನೋಡಿ ನಕ್ಕ, ಗುಡ್ ಮಾರ್ನಿಂಗ್ ಅಂದ, ಮತ್ತೆ ಸವರತೊಡಗಿದ.

ಆ ಗಿಡವನ್ನು ನೀವೂ ನೋಡಿರುತ್ತೀರಿ. ಈ ಊರಿನ ಆಫೀಸುಗಳ ಮುಂದೆ, ಫ್ರೀವೇ ಪಕ್ಕ, ಎಲ್ಲೆಂದರಲ್ಲಿ ಇದೆ. ದೂರದಿಂದ ಕತ್ತಾಳೆ ಅನ್ನಿಸುತ್ತದೆ, ಹತ್ತಿರ ಹೋದರೆ ಕೇದಗೆಯ ನೆಂಟನ ಹಾಗಿರುತ್ತದೆ. ನನಗೂ ಅದು ಬರೀ ಪಾರ್ಕಿಂಗ್ ಲಾಟಿನ ಗಿಡವೇ ಆಗಿತ್ತು, ಹೆನಿ ಅಜ್ಜಿ ಬರುವವರೆಗೆ.

ಎಂಬತ್ತರ ದಶಕದ ಮಾತು. ನಮ್ಮವರಿಗೆ ಮೆನ್ಲೋ ಪಾರ್ಕಿನಲ್ಲಿ ಕೆಲಸ, ನಮಗೆ ಯೂನಿಯನ್ ಸಿಟಿಯಲ್ಲಿ ಎರಡನೇ ಮಹಡಿಯ ಅಪಾರ್ಟ್‌ಮೆಂಟು. ಬೆಳಿಗ್ಗೆ ಕಾರು ಹೊರಟಿತೆಂದರೆ ಸಂಜೆವರೆಗೆ ನಾನು, ನಾಲ್ಕು ವರ್ಷದ ಮಗಳು ಮತ್ತು ಟೀವಿ. ಎದುರು ಬಾಗಿಲಿನಲ್ಲಿ ರಿಪೆಕಾ ಎಂಬ ನರ್ಸ್ ಇದ್ದಳು. ನ್ಯೂಜಿಲೆಂಡಿನವಳು. ಆ ದೇಶದ ಬಗ್ಗೆ ನನಗೆ ಗೊತ್ತಿದ್ದದ್ದು ರೇಡಿಯೋದಲ್ಲಿ ಕೇಳಿದ ಕ್ರಿಕೆಟ್ ಕಾಮೆಂಟರಿಯಷ್ಟೇ, ಹಾಗಾಗಿ ಅಲ್ಲಿರುವವರೆಲ್ಲ ಬಿಳಿಯರು ಎಂದುಕೊಂಡಿದ್ದೆ. ಒಂದು ದಿನ ರಿಪೆಕಾಳ ತಾಯಿ ಹೆನಿ ಬಂದು ಎದುರು ಬಾಗಿಲಲ್ಲಿ ನಿಂತರು. ನಮ್ಮೂರಿನ ಕಡೆಯವರ ಬಣ್ಣ, ಬಿಳಿ ತುರುಬು, ಗದ್ದದ ಮೇಲೆ ಹಸಿರು ಹಚ್ಚೆ. ನಮ್ಮಜ್ಜಿಯ ಕೈ ಮೇಲೂ ಹಚ್ಚೆ ಇತ್ತು. ನೋಡಿದ ತಕ್ಷಣ ಅಜ್ಜಿ ಎಂದೇ ಬಾಯಿಗೆ ಬಂತು.

ಅವರ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವರಿಗೆ ಕಾಲು. ಆದರೂ ಮಾತಿಗೇನೂ ಕೊರತೆಯಾಗಲಿಲ್ಲ. ಈಗ ನೆನಪಿನಲ್ಲಿ ಅವರು ಕನ್ನಡವನ್ನೇ ಆಡುತ್ತಾರೆ, ನಾನು ತಿದ್ದಲು ಹೋಗುವುದಿಲ್ಲ. ಮೊದಲ ದಿನವೇ ಕೇಳಿದರು: "ನಿನ್ನ ಬೆಟ್ಟ ಯಾವುದು?"

ನನಗೆ ಅರ್ಥವಾಗಲಿಲ್ಲ. ಅವರ ಜನ ಗುರುತು ಹೇಳಿಕೊಳ್ಳುವುದೇ ಹಾಗಂತೆ. ಮೊದಲು ಬೆಟ್ಟ, ಆಮೇಲೆ ನದಿ, ಆಮೇಲೆ ಪೂರ್ವಿಕರು ಸಮುದ್ರ ದಾಟಿ ಬಂದ ದೋಣಿ, ಆಮೇಲೆ ಕುಲ, ಎಲ್ಲಕ್ಕಿಂತ ಕೊನೆಗೆ ತಮ್ಮ ಹೆಸರು. ಯಾವೂರು, ಯಾರ ಪೈಕಿ ಎಂದು ಕೇಳಿಸಿಕೊಂಡೇ ಬೆಳೆದವಳಿಗೆ ಇದೇನೂ ಹೊಸದಲ್ಲ. ಬೆಟ್ಟ ಕರಿಘಟ್ಟ ಎಂದೆ, ನದಿ ಕಾವೇರಿ ಎಂದೆ. ದೋಣಿಗೆ ತಡವರಿಸಿ "ಬಾಂಬೆಯಿಂದ ಬಂದ ವಿಮಾನ" ಎಂದೆ. ಅಜ್ಜಿ ನಗಲಿಲ್ಲ. ಗಂಭೀರವಾಗಿ ತಲೆಯಾಡಿಸಿ, ಹತ್ತಿರ ಬಂದು, ನನ್ನ ಹಣೆಗೆ ಹಣೆ, ಮೂಗಿಗೆ ಮೂಗು ಒತ್ತಿದರು. ಅದು ಅವರ ನಮಸ್ಕಾರ. ನಾನು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದೆ. ಅದನ್ನೂ ಅವರು ನೋಡಿದರು.

"ನಮ್ಮಲ್ಲಿ ಜನ ಕಡಿಮೆ, ಕುರಿ ಜಾಸ್ತಿ," ಎನ್ನುತ್ತಿದ್ದರು. "ಆ ಜನದಲ್ಲಿ ಬಿಳಿಯರಿಗಿಂತ ಮುಂಚೆಯಿಂದ ಇದ್ದ ನಮ್ಮವರು ಇನ್ನೂ ಕಡಿಮೆ. ನಮ್ಮವರಲ್ಲಿ ನಮ್ಮ ಮಾತು ಆಡೋರು ಬೆರಳಲ್ಲಿ ಎಣಿಸೋ ಹಾಗಿದ್ದಾರೆ." ಹುಡುಗರೆಲ್ಲ ಕಡಲ ತೀರದ ಹಳ್ಳಿ ಬಿಟ್ಟು ಪೇಟೆಯ ಫ್ಯಾಕ್ಟರಿಗಳಿಗೆ ಹೋಗಿದ್ದರಂತೆ. ಯಾರಾದರೂ ಸತ್ತರೆ ಮಾತ್ರ ಊರು ತುಂಬುತ್ತದಂತೆ, ಮೂರು ದಿನ ಹೆಣವನ್ನು ಒಂಟಿಯಾಗಿ ಬಿಡದೆ ಸುತ್ತ ಕೂತು ಅದರೊಂದಿಗೆ ಮಾತಾಡುತ್ತಾರಂತೆ. ಶಾಲೆಯಲ್ಲಿ ತಮ್ಮ ಜನರ ಮಾವೊರಿ ಭಾಷೆ ಆಡಿದ್ದಕ್ಕೆ ತಮಗೆ ಬಿದ್ದ ಏಟು ನೆನೆದು ಅಜ್ಜಿ ಮಗಳಿಗೆ ಆ ಭಾಷೆ ಕಲಿಸಿರಲಿಲ್ಲ. ನಾನು ಕನ್ನಡದಲ್ಲಿ ಗದರಿದ್ದಕ್ಕೆ ನನ್ನ ಮಗಳು "ಐ ಡೋಂಟ್ ವಾಂಟ್ ಟು" ಎಂದಾಗಲೆಲ್ಲ ಅಜ್ಜಿ ನನ್ನ ಮುಖ ನೋಡುತ್ತಿದ್ದರು.

ಬಂದ ಎರಡನೇ ವಾರ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ ಆ ಗಿಡ ಅವರ ಕಣ್ಣಿಗೆ ಬಿತ್ತು. ತವರಿನವರು ಸಿಕ್ಕ ಹಾಗೆ ಎಲೆಯನ್ನು ಕೆನ್ನೆಗೆ ಒತ್ತಿಕೊಂಡು ನಿಂತರು. ಅವರ ಹೆಂಗಸರು ಬುಟ್ಟಿ, ಚಾಪೆ ಎಲ್ಲ ನೇಯುವುದು ಅದರಲ್ಲೇ. ನನಗೂ ಕಲಿಸಲು ಕೂತರು. ಅಜ್ಜಿಯ ಮಡಿ ನಮ್ಮತ್ತೆಯ ಮಡಿಗೆ ಏನೂ ಕಡಿಮೆಯಿರಲಿಲ್ಲ. ಮಳೆಯಲ್ಲಿ ಕುಯ್ಯಬಾರದು, ಎಲೆಯನ್ನು ದಾಟಬಾರದು, ಮುಟ್ಟಾದಾಗ ಗಿಡದ ಹತ್ತಿರ ಸುಳಿಯಬಾರದು. ನಡುವಿನ ಸುಳಿ ಮಗು, ಅದರ ಎರಡು ಪಕ್ಕದ ಎಲೆಗಳು ಅಪ್ಪ ಅಮ್ಮ. ಆ ಮೂರನ್ನು ಮುಟ್ಟುವ ಹಾಗಿಲ್ಲ. ಹೊರಗಿನ ಅಜ್ಜ ಅಜ್ಜಿಯರನ್ನಷ್ಟೇ ಕುಯ್ಯಬೇಕು. ಉಳಿದ ಚೂರನ್ನು ಗಿಡದ ಬುಡಕ್ಕೇ ಹಾಕಬೇಕು.

"ಏನೇ, ಪಾರ್ಕಿಂಗ್ ಲಾಟಲ್ಲಿ ಸೊಪ್ಪು ಕುಯ್ತಿದ್ದೀಯಂತೆ? ಅಪಾರ್ಟ್‌ಮೆಂಟ್ ಮ್ಯಾನೇಜರ್ರು ನನ್ನ ಆಫೀಸಿಗೆ ಫೋನ್ ಮಾಡಿದ್ದ," ಎಂದರು ನಮ್ಮವರು.

"ಸೊಪ್ಪಲ್ಲ ರೀ, ಅಜ್ಜ ಅಜ್ಜಿ," ಎಂದೆ. ಅವರು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ.

ತಿಂಗಳು ಹಿಡಿಯಿತು. ಬೆರಳೆಲ್ಲ ಕುಯ್ದುಕೊಂಡು, ಮೂರು ಸಲ ಬಿಚ್ಚಿ, ಒಂದು ಪುಟ್ಟ ಬುಟ್ಟಿ ಮಾಡಿದೆ. ಒಂದು ಕಡೆಗೆ ವಾಲಿತ್ತು, ಬುಡದಲ್ಲಿ ಒಂದು ಎಳೆ ತಪ್ಪಿತ್ತು. ಆದರೆ ಈ ದೇಶಕ್ಕೆ ಬಂದ ಮೇಲೆ ನನ್ನದೇ ಅನ್ನುವಂಥ ಮೊದಲ ವಸ್ತು ಅದು. ಅಜ್ಜಿ ತಿರುಗಿಸಿ ನೋಡಿ ಹೇಳಿದರು: "ಚೆನ್ನಾಗಿದೆ. ಈಗ ಇದನ್ನ ಯಾರಿಗಾದ್ರೂ ಕೊಟ್ಟುಬಿಡು. ಮೊದಲನೇದು ನಮಗಲ್ಲ. ಇಟ್ಕೊಂಡ್ರೆ ಕೈ ಅಲ್ಲೇ ನಿಂತುಹೋಗುತ್ತೆ."

ನನಗೆ ಆ ನೇಮ ತಿಳಿಯದ್ದಲ್ಲ. ನಮ್ಮ ಹಿತ್ತಲಿನ ಹೀರೆ ಬಳ್ಳಿಯ ಮೊದಲ ಕಾಯಿಯನ್ನು ಅಮ್ಮ ಪಕ್ಕದ ಮನೆಗೆ ಕೊಟ್ಟೇ ಉಳಿದದ್ದನ್ನು ಅಡಿಗೆಗೆ ತರುತ್ತಿದ್ದಳು. ಆದರೂ ಮನಸ್ಸು ಬರಲಿಲ್ಲ. ವಾರ ಬಿಟ್ಟು ಅಜ್ಜಿ ಯಾರಿಗೆ ಕೊಟ್ಟೆ ಎಂದು ಕೇಳಿದರು. ನಾಲಿಗೆ ತಾನಾಗಿಯೇ ಹೊರಳಿತು: "ಊರಿಗೆ ಹೋಗೋರ ಕೈಲಿ ಅಮ್ಮನಿಗೆ ಕಳಿಸಿದೆ."

ನಿಜಕ್ಕೂ ಬೆಂಗಳೂರಿಗೆ ಹೊರಟವರೊಬ್ಬರಿದ್ದರು. ಸೂಟ್‌ಕೇಸಿನಲ್ಲಿ ಜಾಗವಿರಲಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ, ಅವರನ್ನು ಕೇಳಿಯೂ ಇರಲಿಲ್ಲ. ಅಜ್ಜಿಯ ಮುಖ ಅರಳಿತು. ಅಮ್ಮ ಏನು ಬರೆದಳು, ಅದರಲ್ಲಿ ಏನಿಡುತ್ತಾಳೆ ಎಂದು ಕೇಳುತ್ತಲೇ ಇದ್ದರು. ಎಲೆ ಅಡಿಕೆ ಇಡುತ್ತಾಳೆ ಎಂದೆ. ನಮ್ಮಮ್ಮ ಜನ್ಮದಲ್ಲಿ ಎಲೆ ಅಡಿಕೆ ಹಾಕಿದವಳಲ್ಲ.

ಒಂದು ಮಧ್ಯಾಹ್ನ ಸಕ್ಕರೆ ಕೇಳಲು ಅಜ್ಜಿ ಸೀದಾ ಒಳಗೆ ಬಂದರು. ಫ್ರಿಜ್ಜಿನ ಮೇಲೆ ಈರುಳ್ಳಿ ತುಂಬಿಕೊಂಡು ಬುಟ್ಟಿ ಕೂತಿತ್ತು. ಈರುಳ್ಳಿಯನ್ನು ಒಂದೊಂದಾಗಿ ಹೊರಗಿಟ್ಟರು. ಬುಟ್ಟಿ ತಿರುಗಿಸಿ, ತಪ್ಪಿದ ಎಳೆಯ ಮೇಲೆ ಹೆಬ್ಬೆರಳು ಆಡಿಸಿದರು. ಮತ್ತೆ ಒಂದೊಂದಾಗಿ ಈರುಳ್ಳಿ ತುಂಬಿ ಅದರ ಜಾಗದಲ್ಲೇ ಇಟ್ಟರು. ಸಕ್ಕರೆ ತೆಗೆದುಕೊಂಡು ಹೋದರು. ಬೈದಿದ್ದರೆ ನಾನು ಅತ್ತು ಹಗುರವಾಗುತ್ತಿದ್ದೆ. ಆಮೇಲೆ ಅಮ್ಮನ ಸುದ್ದಿ ಅವರು ಎಂದೂ ಕೇಳಲಿಲ್ಲ.

ಆ ಬೇಸಿಗೆಯಲ್ಲೇ ಅವರ ಊರಿನಿಂದ ಕಾಗದ ಬಂತು. ಎಳೆ ಮಕ್ಕಳನ್ನು ಒಂದು ಕಡೆ ಕೂರಿಸಿಕೊಂಡು ಅಜ್ಜಿಯರು ಬರೀ ಮಾವೊರಿಯಲ್ಲೇ ಮಾತಾಡಿಸುವ ಮನೆಯೊಂದನ್ನು ತೆರೆದಿದ್ದಾರೆ, ಮಾತು ಬಲ್ಲ ಮುದುಕಿಯರು ಸಾಲುತ್ತಿಲ್ಲ, ಬಾ ಎಂದು. ಅಜ್ಜಿ ಒಂದೇ ವಾರದಲ್ಲಿ ಹೊರಟರು. ತಪ್ಪೊಪ್ಪಿಕೊಳ್ಳಬೇಕೆಂದು ಮಾತು ಜೋಡಿಸಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಅವರು ಹಣೆಗೆ ಹಣೆ ಒತ್ತಿದರು. ಈ ಸಲ ನಾನು ಹಿಂದೆ ಸರಿಯಲಿಲ್ಲ. ಆದರೆ ಬಾಯಿಂದ ಬಂದದ್ದು "ಹೋಗಿಬನ್ನಿ ಅಜ್ಜಿ" ಅಷ್ಟೇ.

ಎರಡು ವರ್ಷವಾದ ಮೇಲೆ ರಿಪೆಕಾ ತಾಯಿಯ ಮಣ್ಣಿಗೆ ಹೋಗಿ ಬಂದಳು. ಅವಳಿಗೆ ಕಾಫಿ ಕೊಡುವಾಗ ತಡೆಯಲಾರದೆ ಬುಟ್ಟಿಯ ವಿಷಯ ಹೇಳಿದೆ. ಅವಳಿಗೆ ಆಗಲೇ ಗೊತ್ತಿತ್ತು.

"ಅಮ್ಮನಿಗೆ ಕೋಪ ಇರಲಿಲ್ಲ," ಎಂದಳು. "ಪಾಪ, ಈ ಊರಲ್ಲಿ ಅವಳಿಗೆ ಕೊಡೋಕೆ ಯಾರೂ ಇಲ್ಲ ಅಂತಿದ್ಲು. ಹೊರಡೋ ದಿನ ಪೆಟ್ಟಿಗೆ ನಾನೇ ತುಂಬಿದ್ದು. ಒಂದು ಮೂಲೇಲಿ ಜಾಗ ಬಿಡು, ಎದುರುಮನೆ ಹುಡುಗಿ ತರಬಹುದು ಅಂದ್ಲು. ಮುಚ್ಚಳ ಹಾಕೋಕೆ ಕೊನೇವರೆಗೂ ಬಿಡಲಿಲ್ಲ."

ಎದುರು ಬಾಗಿಲಲ್ಲೇ ಇದ್ದವರು ನನಗೆ ಹೊಳೆದಿರಲೇ ಇಲ್ಲ. ಸುಳ್ಳು ಹೇಳಿದ್ದಕ್ಕಿಂತ ಅದು ನನ್ನನ್ನು ಹೆಚ್ಚು ಸುಟ್ಟಿದೆ. ಆಮೇಲೆ ಎಷ್ಟೋ ಸಲ ಎಲೆ ತಂದು ಕೂತೆ. ಅರ್ಧಕ್ಕೆ ಬಂದು ಬೆರಳು ಮರೆಯುತ್ತದೆ. ಎರಡನೇ ಬುಟ್ಟಿ ಇವತ್ತಿಗೂ ಆಗಿಲ್ಲ. ರಿಪೆಕಾ ಊರು ಬಿಟ್ಟಳು, ಮೂರು ಫ್ರಿಜ್ಜು ಬದಲಾದವು, ಮಗಳು ಪ್ಲೆಸೆಂಟನ್ನಿನಲ್ಲಿ ಮನೆ ಮಾಡಿದಳು. ಬುಟ್ಟಿ ಮಾತ್ರ ಫ್ರಿಜ್ಜಿನ ಮೇಲೆ ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು.

ಮೊನ್ನೆ ವಾಕಿಂಗಿನಿಂದ ಬಂದವಳೇ ಈರುಳ್ಳಿ ಹೊರಗಿಟ್ಟೆ, ಬುಟ್ಟಿ ಒರೆಸಿದೆ. ಈಗ ಎದುರು ಬಾಗಿಲಿಗೆ ಹಾಸನದ ಹುಡುಗಿಯೊಬ್ಬಳು ಬಂದಿದ್ದಾಳೆ, ಕೈಯಲ್ಲಿ ಕೂಸು. ಬಂದು ಮೂರು ವಾರವಾದರೂ ನಾನು ಮಾತಾಡಿಸಿರಲಿಲ್ಲ. ಬಾಗಿಲು ತಟ್ಟಿದೆ.

"ಅಯ್ಯೋ, ನಿಮಗೇ ಬೇಕಾಗುತ್ತೆ ಆಂಟಿ, ಎಷ್ಟು ಹಳೇದು," ಎಂದಳು.

"ತಗೋಮ್ಮ. ಬೇರೆಯವರಿಗೆ ಕೊಡಬೇಕಾಗಿತ್ತು. ಅವರಿಲ್ಲ."

ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ಯಾವೂರು, ಯಾವ ಹೊಳೆ ಎಂದು ಕೇಳಿದೆ, ಹೇಮಾವತಿ ಎಂದಳು. ಸ್ವಲ್ಪ ಹೊತ್ತು ಕೂತು ವಾಪಸು ಬಂದು ಅಡಿಗೆಮನೆಯಲ್ಲಿ ನಿಂತೆ. ಈರುಳ್ಳಿ ಕಟ್ಟೆಯ ಮೇಲೆಲ್ಲ ಹರಡಿತ್ತು. ಫ್ರಿಜ್ಜಿನ ಮೇಲೆ, ಧೂಳಿನ ನಡುವೆ, ಒಂದು ಬುಟ್ಟಿ ಹಿಡಿಯುವಷ್ಟು ಜಾಗ ಖಾಲಿ ಇತ್ತು.