ಮಾತ್ರೆ ನುಂಗಿ ಡೊಳ್ಳು ಹೊತ್ತೆ

ಶಿಕಾರಿಪುರದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಯಂತ್ರ ನನ್ನ ಗಂಡನದು, ತಕ್ಕಡಿ ಮತ್ತು ಗಿರಾಕಿಗಳು ನನ್ನ ಪಾಲು. ಇದರ ಜೊತೆಗೆ ನಾನು ಡೊಳ್ಳು ಬಾರಿಸುತ್ತೇನೆ. ಓಣಿಯ ಹೆಂಗಸರೇ ಸೇರಿ ಕಟ್ಟಿದ ತಂಡ ನಮ್ಮದು. ಸಂಜೆ ಶಾಲೆಯ ಅಂಗಳದಲ್ಲಿ ನಾವು ಡೊಳ್ಳು ಹಿಡಿದು ನಿಂತರೆ ಆಚೆ ಬೀದಿಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ ನೋಡುತ್ತಾರೆ.

ಈಚೆಗೊಂದು ವರ್ಷ ನಾನು ಕುಸಿದುಹೋದೆ. ಏನಾಯಿತು ಅಂತ ಕೇಳಿದರೆ ಹೇಳುವುದಕ್ಕೆ ಒಂದು ಕಾರಣವೂ ಇರಲಿಲ್ಲ. ಯಾರೂ ತೀರಿಕೊಂಡಿರಲಿಲ್ಲ, ಮನೆಯಲ್ಲಿ ಜಗಳವಿರಲಿಲ್ಲ. ಮೊದಲು ನಿದ್ದೆ ಹೋಯಿತು. ಆಮೇಲೆ ಮಾತು ಕಡಿಮೆಯಾಯಿತು. ತಲೆ ಬಾಚಿಕೊಳ್ಳಲು ಕೈ ಎತ್ತುವುದೂ ಬೆಟ್ಟ ಹತ್ತಿದಷ್ಟು ಕಷ್ಟವಾಗತೊಡಗಿತು. ತಂಡದವರು ಕರೆಯಲು ಬಂದರೆ ಹೊಟ್ಟೆನೋವು ಅಂತ ಹೇಳಿಸಿ ಒಳಗೇ ಮಲಗಿರುತ್ತಿದ್ದೆ.

ನಮ್ಮ ಅತ್ತೆ ಕೆಟ್ಟವರಲ್ಲ. "ಎದ್ದು ನಾಲ್ಕು ಕೆಲ್ಸ ಮಾಡವ್ವಾ, ತಾನೇ ಸರಿಹೋಗ್ತತಿ" ಅನ್ನುತ್ತಿದ್ದರು. ನಾನೂ ಹಾಗೇ ನಂಬಿದ್ದೆ. ಎದ್ದು ಕೆಲಸ ಮಾಡಿದೆ, ಸರಿಹೋಗಲಿಲ್ಲ.

ಒಂದು ದಿನ ಗಿರಣಿಯಲ್ಲಿ ಜೋಳ ಬೀಸುತ್ತಿತ್ತು. ಕೆಳಗಿಟ್ಟ ಡಬ್ಬ ತುಂಬಿ ಹಿಟ್ಟು ನೆಲಕ್ಕೆ ಸುರಿಯುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತಿದ್ದೆ. ಗಿರಾಕಿ ಕೂಗಿದ್ದು ಕೇಳಿಸುತ್ತಿತ್ತು, ಆದರೆ ಅದು ನನಗೆ ಹೇಳಿದ್ದು ಅಂತ ಅನ್ನಿಸಲಿಲ್ಲ. ಗಂಡ ಓಡಿಬಂದು ಯಂತ್ರ ನಿಲ್ಲಿಸಿದರು. ಬಯ್ಯಲಿಲ್ಲ. ನನ್ನ ಮುಖದ ಮೇಲಿನ ಹಿಟ್ಟನ್ನು ತಮ್ಮ ಟವೆಲಿನಿಂದ ಒರೆಸಿ, "ಡಾಕ್ಟರ್‌ಗೆ ತೋರಿಸೋಣ" ಅಂದರು.

"ಇಲ್ಲಿ ಬ್ಯಾಡ್ರಿ. ಇಲ್ಲಿ ಎಲ್ಲರೂ ನಮ್ಮ ಗಿರಾಕಿಗಳೇ" ಅಂದೆ.

ನನ್ನ ತವರು ಸೊರಬದ ಹತ್ತಿರದ ಹೊಸಬಾಳೆ. ಅಮ್ಮನನ್ನು ನೋಡಿ ಬರುತ್ತೇವೆ ಅಂತ ಹೇಳಿ ಸೊರಬದ ಬಸ್ಸು ಹತ್ತಿದೆವು. ಅಲ್ಲಿನ ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುವ ದಿನವದು. ಸೆರಗನ್ನು ಕಿವಿಯವರೆಗೆ ಎಳೆದುಕೊಂಡು ಬೆಂಚಿನ ತುದಿಯಲ್ಲಿ ಕೂತೆ. ಪಕ್ಕದಲ್ಲಿದ್ದ ಬುರ್ಖಾದ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ತಿರುಗಿ ನೋಡಿದರೆ, ನಮ್ಮ ಶಿಕಾರಿಪುರದ ಪೇಟೆಯಲ್ಲಿ ನನಗೆ ವರ್ಷವರ್ಷವೂ ಬಳೆ ತೊಡಿಸುವ ಬಳೆ ಅಂಗಡಿಯ ಅಕ್ಕ!

"ನೀವೇನ್ರೀ ಇಲ್ಲಿ?" ಅಂದೆ.

"ಊರಾಗೆ ಯಾರಾದ್ರೂ ನೋಡ್ತಾರೆ ಅಂತ ಇಲ್ಲಿಗೆ ಬರ್ತೀನಿ. ನೀನು?"

"ನಾನೂ ಅದಕ್ಕೇ."

ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ತಿಂಗಳುಗಳ ಮೇಲೆ ನನ್ನ ತುಟಿಯೂ ಸ್ವಲ್ಪ ಅಲುಗಿತು. "ನೋಡು ತಂಗಿ," ಅಂದಳು ಆಕೆ, "ಮಾತ್ರೆ ತಗೊಂಡ ಮರುದಿನವೇ ಹಾರಾಡ್ತೀನಿ ಅನ್ಕೋಬೇಡ. ಮೊದ್ಲು ಹೊಟ್ಟೆ ತೊಳಸ್ತೈತಿ, ಬಾಯಿ ಒಣಗ್ತೈತಿ. ಗುಣ ಆಮೇಲೆ ಕಾಣ್ತೈತಿ. ನಡುವೆ ಬಿಟ್ಟುಬಿಡಬೇಡ."

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನಿದ್ದೆ, ಊಟ, ಸಾಯಬೇಕು ಅನ್ನಿಸುತ್ತದೆಯೇ ಅನ್ನುವುದು, ಎಲ್ಲವನ್ನೂ ನೇರವಾಗಿ ಕೇಳಿದರು. ಕೊನೆಗೆ, "ಚೆನ್ನಾಗಿದ್ದಾಗ ನೀವು ಏನು ಇಷ್ಟಪಟ್ಟು ಮಾಡ್ತಿದ್ರಿ?" ಅಂದರು.

"ಡೊಳ್ಳು ಬಾರಿಸ್ತಿದ್ದೆ."

ಅವರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ನೀವು ಮತ್ತೆ ಡೊಳ್ಳು ಬಾರಿಸೋವರೆಗೆ ನಾನು ನಿಮ್ಮನ್ನ ಬಿಡೋದಿಲ್ಲ" ಅಂದರು.

ಮೊದಲ ವಾರಗಳು ಬಳೆ ಅಕ್ಕ ಹೇಳಿದ ಹಾಗೇ ಇದ್ದವು. ಒಂದು ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ಗುಬ್ಬಿಗಳು ಕಾಳಿಗೆ ಕಿತ್ತಾಡುವುದನ್ನು ನೋಡಿ, "ಅಯ್ಯೋ, ಸಾಕಷ್ಟು ಐತೆ, ಹಂಚ್ಕೊಂಡು ತಿನ್ರೋ" ಅಂದುಬಿಟ್ಟೆ. ಗಂಡ ಒಳಗಿನಿಂದ ಇಣುಕಿದರು. ನನ್ನಷ್ಟಕ್ಕೆ ನಾನೇ ಮಾತಾಡಿದ್ದು ಬಹಳ ದಿನಗಳ ಮೇಲೆ ಅಂತ ಇಬ್ಬರಿಗೂ ಗೊತ್ತಾಯಿತು.

ತಂಡಕ್ಕೆ ಮರಳಿದೆ. ಅಲ್ಲಿ ಇನ್ನೊಂದು ಪೇಚು ಕಾದಿತ್ತು. ಎಡ ಅಂಗೈ ಸರಿಯಾಗಿ ಬೀಳುತ್ತಿತ್ತು, ಕೋಲು ಹಿಡಿದ ಬಲಗೈ ಮಾತ್ರ ಸಣ್ಣಗೆ ನಡುಗುತ್ತಿತ್ತು. ಎಲ್ಲರ ಪೆಟ್ಟು ಒಟ್ಟಿಗೆ ಬಿದ್ದಾಗ ನನ್ನದು ಕೂದಲೆಳೆಯಷ್ಟು ಹಿಂದೆ. ತಾಳ ಹಾಕುವವಳು ನನ್ನ ಕಡೆ ನೋಡಿದಳು. ಸೊರಬದಲ್ಲಿ ಒಂದು ಪ್ರದರ್ಶನಕ್ಕೆ ಆಗಲೇ ಒಪ್ಪಿಕೊಂಡಾಗಿತ್ತು.

ಇದು ಮಾತ್ರೆಯದೇ ಕೆಲಸ, ಬಿಟ್ಟರೆ ಕೈ ನಡುಕ ನಿಲ್ಲುತ್ತದೆ ಅನ್ನಿಸಿತು. ಬಳೆ ಅಕ್ಕನ ಅಂಗಡಿಗೆ ಹೋಗಿ ಹೇಳಿದೆ. ಆಕೆ ಕೈಯಲ್ಲಿದ್ದ ಗಾಜಿನ ಬಳೆಗಳನ್ನು ಪಕ್ಕಕ್ಕಿಟ್ಟು, "ಬಿಡೋಕೆ ಮುಂಚೆ ಡಾಕ್ಟರಮ್ಮನ್ನ ಕೇಳೀಯಾ?" ಅಂದಳು. ಇಲ್ಲ ಅಂದೆ. "ನಾಳೆ ಆಕಿ ಬರೋ ದಿನ. ನಾನೂ ಬರ್ತೀನಿ, ನಡಿ."

ಇಬ್ಬರೂ ಮುಖ ಮುಚ್ಚಿಕೊಳ್ಳದೆ ಒಂದೇ ಸೀಟಿನಲ್ಲಿ ಕೂತು ಸೊರಬಕ್ಕೆ ಹೋದೆವು. ಡಾಕ್ಟರಮ್ಮ ನನ್ನ ಎರಡೂ ಕೈ ಚಾಚಿಸಿ ನೋಡಿದರು. "ಹೇಳಿದ್ದು ಒಳ್ಳೇದಾಯ್ತು. ಒಮ್ಮೆಗೇ ಬಿಟ್ಟಿದ್ರೆ ತಲೆ ಸುತ್ತು, ಸಂಕಟ, ಮತ್ತೆ ಹಳೇ ಕಾಯಿಲೆ. ಇದು ನಿಮ್ಮ ಕೈಗೆ ಹೊಂದಿಲ್ಲ, ನಿಧಾನಕ್ಕೆ ಬೇರೆಯದಕ್ಕೆ ಬದಲಾಯಿಸೋಣ" ಅಂದರು. ಚಹಾ ಎಷ್ಟು ಕುಡಿಯುತ್ತೀರಿ ಅಂತಲೂ ಕೇಳಿದರು. ಗಿರಣಿಯಲ್ಲಿ ಬಂದವರಿಗೆಲ್ಲ ಚಹಾ, ಅವರ ಜೊತೆ ನನಗೂ. ಅದನ್ನು ಕಡಿಮೆ ಮಾಡಿದೆ. ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯಲು ಹೇಳಿದರು. ಅದಕ್ಕೆ ಬಳೆ ಅಕ್ಕ ಜೊತೆಯಾದಳು.

ಕೈ ನಡುಕ ನಿಂತಿತು. ಎಂದು ಅಂತ ನಿಖರವಾಗಿ ಹೇಳಲಾರೆ. ಒಂದು ಸಂಜೆ ಅಭ್ಯಾಸ ಮುಗಿಸಿ ಬೆವರು ಒರೆಸಿಕೊಳ್ಳುವಾಗ, ಇಡೀ ಹೊತ್ತು ಕೈಯ ನೆನಪೇ ಬರಲಿಲ್ಲವಲ್ಲ ಅಂತ ಹೊಳೆಯಿತು.

ಸೊರಬದ ಪ್ರದರ್ಶನದ ದಿನ ಮೈದಾನ ತುಂಬಿತ್ತು. ಅತ್ತೆಯೂ ಬಂದಿದ್ದರು. ಕೊನೆಯ ವರಸೆಯಲ್ಲಿ ನಾವು ಒಬ್ಬರ ಹೆಗಲ ಮೇಲೊಬ್ಬರು ನಿಲ್ಲುತ್ತೇವೆ. ಕೆಳಗಿನವರು ಭಾರ ಹೊತ್ತೇ ಬಾರಿಸಬೇಕು. ಕೆಳಗಿನ ಸಾಲಿನ ನಡುವೆ ಯಾರು ಅಂತ ಅಭ್ಯಾಸದಲ್ಲಿ ಪ್ರಶ್ನೆ ಬಂದಾಗ ತಾಳದವಳು ನನ್ನ ಕಡೆ ಕೈ ತೋರಿಸಿದ್ದಳು. ತಂಡದ ಹುಡುಗಿಯೊಬ್ಬಳು ನನ್ನ ಹೆಗಲೇರಿ ನಿಂತಳು. ಅವಳ ಡೊಳ್ಳು ತಲೆಯ ಮೇಲೆ ಗುಡುಗಿತು, ನನ್ನದು ಎದೆಯ ಮುಂದೆ. ಕಾಲು ನೆಲಕ್ಕೆ ಬೇರು ಬಿಟ್ಟ ಹಾಗೆ ನಿಂತಿತ್ತು. ಒಂದು ಪೆಟ್ಟೂ ಹಿಂದೆ ಬೀಳಲಿಲ್ಲ. ಜನ ಎದ್ದು ನಿಂತು ಶಿಳ್ಳೆ ಹಾಕಿದರು. ನಾನೂ ಬಾರಿಸುತ್ತಲೇ "ಹೋಯ್!" ಅಂತ ಗಂಟಲು ಬಿರಿಯುವಂತೆ ಕೂಗಿದೆ.

ಮುಗಿಸಿ ಬಂದಾಗ ಸೊರಬದವಳೊಬ್ಬಳು ಅತ್ತೆಯನ್ನು ಕೇಳಿದಳು, "ನಿಮ್ ಸೊಸೆಗೆ ಇಷ್ಟು ಶಕ್ತಿ ಎಲ್ಲಿಂದ ಬಂತ್ರೀ? ಏನ್ ತಿನ್ನಿಸ್ತೀರಿ?"

ಮಾತ್ರೆಯ ವಿಷಯ ಅಷ್ಟು ಹೊತ್ತಿಗೆ ಅತ್ತೆಗೆ ಗೊತ್ತಾಗಿತ್ತು, ಆದರೆ ಹೊರಗೆ ನಾವು ಹೇಳಿಕೊಂಡಿರಲಿಲ್ಲ. ಅತ್ತೆ ನಿಧಾನವಾಗಿ ಅಂದರು: "ರೊಟ್ಟಿ ತಿಂತಾಳೆ, ಮನಸ್ಸಿನ ಡಾಕ್ಟರು ಕೊಟ್ಟ ಮಾತ್ರೆ ತಿಂತಾಳೆ. ಅದ್ರಾಗೇನೈತಿ?"

ಆ ಹೆಂಗಸು ಆಮೇಲೆ ನನ್ನ ಹತ್ತಿರ ಬಂದು, ಆ ಡಾಕ್ಟರು ಯಾವ ವಾರ ಬರುತ್ತಾರೆ ಅಂತ ಕೇಳಿದಳು. ಹೇಳಿದೆ.

ಮಾತ್ರೆ ಈಗಲೂ ನಡೆದಿದೆ. ಡಾಕ್ಟರಮ್ಮ ಪ್ರಮಾಣವನ್ನು ಸ್ವಲ್ಪ ಇಳಿಸಿದ್ದಾರೆ. ಮುಂದೆ ನಿಲ್ಲಿಸುವ ದಿನ ಬಂದರೆ ನಿಲ್ಲಿಸುತ್ತೇವೆ, ಬಾರದಿದ್ದರೆ ಇಲ್ಲ. ಮುಂದಿನ ವಾರ ಉಡುತಡಿಯಲ್ಲಿ ನಮ್ಮ ತಂಡದ ಪ್ರದರ್ಶನವಿದೆ. ಈ ಸಲ ಮೇಲಿನ ಸಾಲಿಗೆ ನಾನೇ ಹತ್ತುತ್ತೇನೆ ಅಂತ ತಾಳದವಳಿಗೆ ಹೇಳಿ ಬಂದಿದ್ದೇನೆ.